ಮೈದಾನಕ್ಕೂ ಪಾಠಕ್ಕೂ ನಡುವೆ ನಿಂತ ಮೇಷ್ಟ್ರು

ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ಹೊರಟ ಪ್ರೌಢಶಾಲೆ ಮಗುವಿನ ಅರ್ಹತಾ ಪತ್ರವನ್ನು ಒಮ್ಮೆ ಗಮನವಿಟ್ಟು ನೋಡಬೇಕು. ಹೆಸರು, ತಂದೆ-ತಾಯಿಯ ಹೆಸರು, ಹುಟ್ಟಿದ ದಿನಾಂಕ, ತರಗತಿ, ಸ್ಯಾಟ್ಸ್ ಸಂಖ್ಯೆ, ಫೋಟೋದ ಮೇಲೆ ಅರ್ಧ ಬರುವಂತೆ ಒತ್ತಿದ ಶಾಲೆಯ ಮೊಹರು, ಮುಖ್ಯೋಪಾಧ್ಯಾಯರ ಸಹಿ. ಮಗುವಿನ ವಯಸ್ಸು ನಿಜವೇ, ಮಗು ಈ ಶಾಲೆಯದೇ, ಇಷ್ಟೇ ಆ ಪತ್ರಕ್ಕೆ ಬೇಕಾದದ್ದು. ಹಿಂದಿನ ಪರೀಕ್ಷೆಯಲ್ಲಿ ಗಣಿತದಲ್ಲಿ ಎಷ್ಟು ಬಂತು, ಈ ಕೂಟದಿಂದ ಎಷ್ಟು ದಿನ ಪಾಠ ತಪ್ಪುತ್ತದೆ, ತಪ್ಪಿದ್ದನ್ನು ಯಾರು ಹೇಳಿಕೊಡುತ್ತಾರೆ ಎಂದು ಅದು ಕೇಳುವುದಿಲ್ಲ. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಇದೇ ವಯಸ್ಸಿನ ಹುಡುಗ ಪಂದ್ಯಕ್ಕೆ ಇಳಿಯಬೇಕಾದರೆ ತರಗತಿಯ ಪಾಠಗಳಲ್ಲಿ 70ಕ್ಕಿಂತ ಕಡಿಮೆ ಅಂಕ ಬಂದಿರಬಾರದು. ಅಲ್ಲಿ ಅಂಕ ಇಲ್ಲದವನಿಗೆ ಆಟವಿಲ್ಲ. ಇಲ್ಲಿ ಆಟಕ್ಕೆ ಹೋದವನ ಅಂಕ ಏನಾಯಿತೆಂದು ಕೇಳುವವರಿಲ್ಲ.

ಶಾಲೆಯಲ್ಲಿ ಆಟ ಕಲಿಸುವವರ ಕೆಲಸದಲ್ಲಿ ಓದಿನ ಪಾಲು ಎಷ್ಟು? ಓದು ಹಿಂದೆ ಬಿದ್ದ ಮಗುವನ್ನು ಆಟದಿಂದ ತಡೆಯುವುದು ನ್ಯಾಯವೇ? ಈ ಪ್ರಶ್ನೆಗಳು ಹಳೆಯವು, ಜಗತ್ತಿನ ಹಲವು ಕಡೆ ಚರ್ಚೆಯಾದವು. ಬೇರೆಬೇರೆ ನಾಡುಗಳು ಕೊಟ್ಟ ಉತ್ತರಗಳನ್ನು ಕರ್ನಾಟಕದ ಪ್ರೌಢಶಾಲೆಯ ಅಂಗಳದಲ್ಲಿ ನಿಂತು ನೋಡಿದರೆ ಏನು ಕಾಣುತ್ತದೆ ಎಂಬುದು ಈ ಬರಹದ ವಿಷಯ.

ಮೊದಲು ನಮ್ಮ ಶಾಲಾ ವರ್ಷವನ್ನು ತೆಗೆದುಕೊಳ್ಳೋಣ. ಜೂನ್‌ನಲ್ಲಿ ತರಗತಿಗಳು ಹಳಿಗೆ ಬರುತ್ತವೆ. ಮಳೆಗಾಲ ಮುಗಿಯುವ ಮೊದಲೇ ಹೋಬಳಿ ಅಥವಾ ವಲಯ ಮಟ್ಟದ ಕೂಟಗಳು ಶುರು. ಅಲ್ಲಿ ಗೆದ್ದವರು ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಎಂಬ ನಾಲ್ಕು ವಿಭಾಗಗಳಲ್ಲಿ ತಮ್ಮದಕ್ಕೆ, ಅಲ್ಲಿಂದ ರಾಜ್ಯ ಮಟ್ಟಕ್ಕೆ. ಅದನ್ನೂ ದಾಟಿದವರಿಗೆ 1954ರಲ್ಲಿ ಆರಂಭವಾದ ಭಾರತೀಯ ಶಾಲಾ ಕ್ರೀಡಾ ಒಕ್ಕೂಟದ ರಾಷ್ಟ್ರೀಯ ಕೂಟ. ಇದರ ಪಕ್ಕದಲ್ಲೇ ದಸರಾ ಕ್ರೀಡಾಕೂಟದ ಇನ್ನೊಂದು ಸಾಲು. ಸೋತ ಮಗು ಮರುದಿನ ತರಗತಿಗೆ ಬರುತ್ತದೆ. ಗೆದ್ದ ಮಗುವಿಗೆ ಮತ್ತೊಂದು ಊರು, ಮತ್ತೊಂದು ಶಿಬಿರ, ಮತ್ತಷ್ಟು ಗೈರುಹಾಜರಿ. ಗೆದ್ದಷ್ಟೂ ಪಾಠ ತಪ್ಪುವಂತೆ ಇಡೀ ಏರ್ಪಾಡು ಕಟ್ಟಲ್ಪಟ್ಟಿದೆ.

ಇದರ ಭಾರ ಬೀಳುವುದು ಹತ್ತನೇ ತರಗತಿಯ ಮೇಲೆ. ಹದಿನೈದು-ಹದಿನಾರರ ಆ ವಯಸ್ಸು 17 ವರ್ಷದೊಳಗಿನವರ ವಿಭಾಗದಲ್ಲಿ ಹುಡುಗ-ಹುಡುಗಿಯರ ಮೈ ಕಸುವು ಕೂಡಿಬರುವ ಹೊತ್ತು. ಎಸ್‌ಎಸ್‌ಎಲ್‌ಸಿ ಬರುವುದೂ ಅದೇ ವರ್ಷ. 625 ಅಂಕಗಳ ಆ ಪರೀಕ್ಷೆಯಲ್ಲಿ ದೈಹಿಕ ಶಿಕ್ಷಣಕ್ಕೆ ಒಂದು ಅಂಕವೂ ಇಲ್ಲ. ಫಲಿತಾಂಶ ಬಂದ ದಿನ ಯಾವ ಜಿಲ್ಲೆ ಎಷ್ಟನೇ ಸ್ಥಾನ ಎಂಬ ಪಟ್ಟಿ ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ. ಆ ಪಟ್ಟಿಯ ಬಿಸಿ ಉಪನಿರ್ದೇಶಕರಿಂದ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಅವರಿಂದ ಮುಖ್ಯೋಪಾಧ್ಯಾಯರಿಗೆ, ಅವರಿಂದ ವಿಷಯ ಶಿಕ್ಷಕರಿಗೆ ಇಳಿಯುತ್ತದೆ. ಬೆಳಿಗ್ಗೆ ಒಂದು ವಿಶೇಷ ತರಗತಿ, ಸಂಜೆ ಒಂದು ವಿಶೇಷ ತರಗತಿ. ಮೈದಾನಕ್ಕೆ ಉಳಿದಿದ್ದ ಎರಡು ಹೊತ್ತುಗಳೂ ಅಲ್ಲಿಗೆ ಮುಗಿದವು. ವೇಳಾಪಟ್ಟಿಯಲ್ಲಿ ಪಿ.ಟಿ. ಎಂದು ಬರೆದ ಅವಧಿಗೆ ಗಣಿತದ ಮೇಷ್ಟ್ರು ಸೀಮೆಸುಣ್ಣ ಹಿಡಿದು ಬಂದರೆ ಅಚ್ಚರಿಪಡುವವರು ಯಾರೂ ಇಲ್ಲ. ಸಿಲಬಸ್ ಮುಗಿದಿಲ್ಲ ಎಂಬ ಮಾತಿಗೆ ನಮ್ಮ ಶಾಲೆಗಳಲ್ಲಿ ಎದುರು ಮಾತೇ ಇಲ್ಲ.

ಒಂದು ಕೂಟದ ದಿನವನ್ನು ಹತ್ತಿರದಿಂದ ನೋಡಿದರೆ ವಿಷಯ ಇನ್ನಷ್ಟು ತಿಳಿಯಾಗುತ್ತದೆ. ಹಳೇ ಮೈಸೂರು ಕಡೆಯ ಒಂದು ತಾಲ್ಲೂಕು ಕ್ರೀಡಾಂಗಣ. ಸುಣ್ಣದ ಪುಡಿಯಲ್ಲಿ ಎಳೆದ ಟ್ರ್ಯಾಕಿನ ಗೆರೆಗಳು ಹಿಂದಿನ ರಾತ್ರಿಯ ಮಳೆಗೆ ಅರ್ಧ ಅಳಿಸಿ, ಬೆಳಿಗ್ಗೆ ಮತ್ತೆ ಎಳೆಸಿಕೊಂಡಿವೆ. ಒಂದು ಸರ್ಕಾರಿ ಪ್ರೌಢಶಾಲೆಯ ಕಬಡ್ಡಿ ತಂಡ ಬೇವಿನ ಮರದಡಿ ಕೂತಿದೆ. ಹುಡುಗರು ಮನೆ ಬಿಟ್ಟದ್ದು ಬೆಳಗಿನ ಮೊದಲ ಬಸ್ಸಿಗೆ. ಅವರ ಪಂದ್ಯದ ಸರದಿ ಮಧ್ಯಾಹ್ನ ಕಳೆದ ಮೇಲೆ. ನಡುವಿನ ಅಷ್ಟೂ ಗಂಟೆ ಮಾಡಲು ಏನೂ ಇಲ್ಲ. ರೈಡರ್ ಹುಡುಗ ಮೇಷ್ಟ್ರ ಬಳಿ ಬಂದು, ‘ಸಾರ್, ಶುಕ್ರವಾರ ವಿಜ್ಞಾನದ ಟೆಸ್ಟ್ ಅಂತೆ, ಬೆಳಕಿನ ಪಾಠ ಮಾಡುವಾಗ ನಾನು ಇರ್ಲಿಲ್ಲ’ ಅಂದ. ಮೇಷ್ಟ್ರು, ‘ಯಾರದ್ದಾದ್ರೂ ನೋಟ್ಸ್ ಇಸ್ಕೊಂಡು ಬರ್ಕೊಳ್ಳೋ, ಈಗ ಆಟದ ಕಡೆ ಗಮನ ಕೊಡು’ ಅಂದರು. ಅವರಿಗೆ ಹುಡುಗನ ಮೇಲೆ ಅಕ್ಕರೆ ಇಲ್ಲವೆಂದಲ್ಲ. ಊಟದ ದುಡ್ಡು ಸಾಲದೆ ತಮ್ಮ ಜೇಬಿನಿಂದ ಬಾಳೆಹಣ್ಣು ತಂದು ಹಂಚಿದ್ದೂ ಅವರೇ. ಆದರೆ ಬೆಳಕಿನ ವಕ್ರೀಭವನ ತಮ್ಮ ಹೊಣೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ನೋಟ್ಸ್ ಬರೆದುಕೊಂಡರೆ ಪಾಠ ಆದಂತಲ್ಲ. ಇತಿಹಾಸದ ಒಂದು ಅಧ್ಯಾಯ ತಪ್ಪಿದರೆ ಮನೆಯಲ್ಲಿ ಓದಿಕೊಳ್ಳಬಹುದು. ಬೀಜಗಣಿತದ ಒಂದು ಮೆಟ್ಟಿಲು ತಪ್ಪಿದರೆ ಮುಂದಿನ ಮೆಟ್ಟಿಲಿಗೆ ಕಾಲಿಡಲು ಆಗುವುದಿಲ್ಲ. ಹೀಗೆ ಎರಡು ಸಲ ತಪ್ಪಿಸಿಕೊಂಡ ಹುಡುಗ ಮೂರನೇ ಸಲ ತರಗತಿಯಲ್ಲಿ ಕೂತಿದ್ದರೂ ಇಲ್ಲದವನೇ. ಆಗ ಶಿಕ್ಷಕರ ಕೊಠಡಿಯಲ್ಲಿ ಒಂದು ತೀರ್ಮಾನ ಹುಟ್ಟುತ್ತದೆ: ‘ಅವನು ಆಟಕ್ಕೆ ಸರಿ, ಓದಿಗಲ್ಲ.’ ಹದಿನೈದರ ಹುಡುಗನ ಬಗ್ಗೆ ಹೇಳಬಾರದ ಮಾತು ಅದು. ಶಾಲೆಯೇ ಹೊರಗೆ ಕಳಿಸಿ, ಪಾಠ ತಪ್ಪಿಸಿ, ಕೊನೆಗೆ ಅವನ ಹುಟ್ಟುಗುಣ ಅದೆಂದು ಹಣೆಪಟ್ಟಿ ಕಟ್ಟುವುದು ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತಿ ದೊಡ್ಡ ಅನ್ಯಾಯ.

ಹಾಗೆಂದು ಪಿ.ಟಿ. ಮೇಷ್ಟ್ರನ್ನು ಕಟಕಟೆಗೆ ನಿಲ್ಲಿಸಲು ನಾನು ಒಪ್ಪುವುದಿಲ್ಲ. ಪ್ರಾರ್ಥನೆಗೆ ಸಾಲು ನಿಲ್ಲಿಸುವವರು ಅವರು, ಶಿಸ್ತಿಗೆ ಅವರು, ಆಗಸ್ಟ್ 15ರ ಪಥಸಂಚಲನಕ್ಕೆ ಅವರು, ಗೈರಾದ ಶಿಕ್ಷಕರ ತರಗತಿಯನ್ನು ಸುಮ್ಮನೆ ಕೂರಿಸಿಕೊಳ್ಳಲೂ ಅವರೇ, ಚುನಾವಣೆ-ಗಣತಿಯ ಕೆಲಸಕ್ಕೂ ಅವರೇ. ಎಲ್ಲಕ್ಕೂ ಬೇಕಾದ ಅದೇ ಮನುಷ್ಯರಿಗೆ ಫಲಿತಾಂಶದ ಸಭೆಯಲ್ಲಿ ಮಾತಿಲ್ಲ. ಪ್ರೊ. ಎಲ್.ಆರ್. ವೈದ್ಯನಾಥನ್ ವರದಿಯನ್ನು ಜಾರಿಗೆ ತನ್ನಿ, ನಮ್ಮನ್ನು ಉಳಿದ ಶಿಕ್ಷಕರಿಗೆ ಸಮನಾಗಿ ಕಾಣಿರಿ ಎಂದು ರಾಜ್ಯದ ದೈಹಿಕ ಶಿಕ್ಷಕರು ವರ್ಷಗಳಿಂದ ಕೇಳುತ್ತಲೇ ಬಂದಿದ್ದಾರೆ. ಅದನ್ನು ಬಡ್ತಿಯ ಜಗಳವೆಂದು ಬದಿಗಿಡುವುದು ಸುಲಭ. ಆದರೆ ಮಕ್ಕಳ ಓದಿನ ಸಮತೋಲಕ್ಕೂ ಅದಕ್ಕೂ ನೇರ ನಂಟಿದೆ. ಸಹೋದ್ಯೋಗಿಗಳು ಸಮನೆಂದು ಒಪ್ಪದ ಮನುಷ್ಯ, ‘ನನ್ನ ಹುಡುಗನಿಗೆ ಆ ಪಾಠ ಇನ್ನೊಮ್ಮೆ ಮಾಡಿಕೊಡಿ ಮೇಡಂ’ ಎಂದು ಯಾವ ಬಲದಿಂದ ಕೇಳಬೇಕು?

ಕಾನೂನಿನ ಮಾತು ಚಿಕ್ಕದು. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಗೆ ಆಟದ ಮೈದಾನ ಇರಬೇಕೆಂದಿತು. ಹಿರಿಯ ಪ್ರಾಥಮಿಕದಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಬೇಕೆಂದಿತು. ‘ಅರೆಕಾಲಿಕ’ ಎಂಬಲ್ಲೇ ಅದರ ಮನಸ್ಸು ಗೊತ್ತಾಗುತ್ತದೆ. 2018ರಲ್ಲಿ ಸಿಬಿಎಸ್‌ಇ 9ರಿಂದ 12ನೇ ತರಗತಿಯವರೆಗೆ ದಿನಕ್ಕೊಂದು ಆಟದ ಅವಧಿ ಕಡ್ಡಾಯ ಮಾಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಠ್ಯ, ಪಠ್ಯೇತರ ಎಂಬ ಗೋಡೆಯೇ ಬೇಡವೆಂದಿತು. ಕಾಗದದ ಮೇಲೆ ಯಾವುದಕ್ಕೂ ಕೊರತೆಯಿಲ್ಲ.

ಈಗ ಟೆಕ್ಸಾಸ್‌ಗೆ ಹೋಗೋಣ, ಏಕೆಂದರೆ ಓದಿಗೂ ಆಟಕ್ಕೂ ಕಾನೂನಿನ ಗಂಟು ಹಾಕಿ ನೋಡಿದ ಪ್ರಯೋಗ ಅಲ್ಲಿಯದು. ಅಮೆರಿಕದ ಹೈಸ್ಕೂಲು ಆಟ ನಮ್ಮ ಶಾಲಾ ಕ್ರೀಡೆಯಂಥದ್ದಲ್ಲ. 2023-24ರಲ್ಲಿ 80 ಲಕ್ಷಕ್ಕೂ ಹೆಚ್ಚು ಹೆಸರು ಅಲ್ಲಿನ ಶಾಲಾ ತಂಡಗಳ ಲೆಕ್ಕದಲ್ಲಿದ್ದವು. ಶುಕ್ರವಾರ ರಾತ್ರಿಯ ಫುಟ್‌ಬಾಲ್ ಪಂದ್ಯಕ್ಕೆ ಊರಿಗೆ ಊರೇ ಸೇರುತ್ತದೆ. ಎಚ್.ಜಿ. ಬಿಸಿಂಜರ್ 1988ರ ಒಂದು ಇಡೀ ಋತುವನ್ನು ಟೆಕ್ಸಾಸ್‌ನ ಒಡೆಸಾ ಪಟ್ಟಣದಲ್ಲಿ ಕಳೆದು ಬರೆದ ‘ಫ್ರೈಡೇ ನೈಟ್ ಲೈಟ್ಸ್’ ಆ ಲೋಕದ ಒಳಗನ್ನು ತೆರೆದಿಟ್ಟ ಪುಸ್ತಕ. ಅದಕ್ಕೂ ಮುಂಚೆ, 1961ರಲ್ಲೇ, ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ಇಲಿನಾಯ್‌ನ ಹತ್ತು ಹೈಸ್ಕೂಲುಗಳನ್ನು ಅಧ್ಯಯನ ಮಾಡಿ, ಅಲ್ಲಿನ ಹುಡುಗರ ನಡುವೆ ಓದುವವನಿಗಿಂತ ಆಡುವವನಿಗೇ ಮರ್ಯಾದೆ ಹೆಚ್ಚೆಂದು ತೋರಿಸಿದ್ದರು. ನಮ್ಮಲ್ಲಿ ಇದು ತಿರುಗುಮುರುಗು. ಹಾಗಾಗಿ ಅವರ ಔಷಧಿಯನ್ನು ನಮ್ಮ ಕಾಯಿಲೆಗೆ ಹಾಗೆಯೇ ಕುಡಿಸಲಾಗದು ಎಂಬುದನ್ನು ಮೊದಲೇ ನೆನಪಿಟ್ಟುಕೊಳ್ಳಬೇಕು.

1984ರಲ್ಲಿ ಗವರ್ನರ್ ಮಾರ್ಕ್ ವೈಟ್ ಅವರ ಕಾಲದಲ್ಲಿ, ಉದ್ಯಮಿ ರಾಸ್ ಪೆರೊ ಮುಂದಾಳತ್ವದ ಸಮಿತಿಯ ಒತ್ತಾಸೆಯಿಂದ, ‘ಪಾಸಾಗದವರಿಗೆ ಆಟವಿಲ್ಲ’ ಎಂಬ ಕಾನೂನು ಬಂತು. ಒಂದು ವಿಷಯದಲ್ಲಿ 70ಕ್ಕಿಂತ ಕಡಿಮೆ ಬಂದರೂ ಆರು ವಾರ ಪಂದ್ಯಕ್ಕೆ ಇಳಿಯುವಂತಿಲ್ಲ. ಕೋಚ್‌ಗಳು ಕೆರಳಿದರು, ಪೋಷಕರು ನ್ಯಾಯಾಲಯಕ್ಕೆ ಹೋದರು. 1985ರಲ್ಲಿ ಟೆಕ್ಸಾಸ್‌ನ ಸರ್ವೋಚ್ಚ ನ್ಯಾಯಾಲಯ ಕಾನೂನನ್ನು ಎತ್ತಿಹಿಡಿಯಿತು, ಶಾಲಾ ಆಟದಲ್ಲಿ ಭಾಗವಹಿಸುವುದು ಮೂಲಭೂತ ಹಕ್ಕಲ್ಲ ಎಂದಿತು. 1986ರ ಚುನಾವಣೆಯಲ್ಲಿ ವೈಟ್ ಸೋತರು. ಆ ಸೋಲಿಗೆ ಈ ಕಾನೂನೂ ಒಂದು ಕಾರಣವೆಂದು ಅಲ್ಲಿನವರು ಈಗಲೂ ಹೇಳುತ್ತಾರೆ.

ಕಾನೂನು ಏನು ಮಾಡಿತು? ಅಂಕದ ಮೇಲೆ ಎಲ್ಲರ ಕಣ್ಣು ಬೀಳುವಂತೆ ಮಾಡಿತು ಎಂಬುದು ನಿಜ. ಆದರೆ ಒತ್ತಡವನ್ನು ಅಂಕ ಹಾಕುವ ಶಿಕ್ಷಕರ ಕೈಗೂ ವರ್ಗಾಯಿಸಿತು. 1988ರಲ್ಲಿ ಡಲ್ಲಾಸ್‌ನ ಕಾರ್ಟರ್ ಹೈಸ್ಕೂಲು ರಾಜ್ಯ ಚಾಂಪಿಯನ್ ಆಯಿತು. ಆ ತಂಡದ ಒಬ್ಬ ಆಟಗಾರನ ಬೀಜಗಣಿತದ ಅಂಕ ನಿಜವಾಗಿ ಪಾಸಾಗುವಷ್ಟಿತ್ತೇ ಎಂಬ ತಕರಾರು ಋತುವಿಡೀ ಕೋರ್ಟು-ಕಚೇರಿ ಅಲೆದು, ಕೊನೆಗೆ 1991ರಲ್ಲಿ ಪ್ರಶಸ್ತಿಯನ್ನೇ ಹಿಂದಕ್ಕೆ ಪಡೆಯಲಾಯಿತು. ಒಬ್ಬ ಹುಡುಗನಿಗೆ ಬೀಜಗಣಿತ ಬರುತ್ತದೆಯೇ ಎಂಬ ಸರಳ ಪ್ರಶ್ನೆ ಆ ಗದ್ದಲದಲ್ಲಿ ಎಲ್ಲೋ ಕಳೆದುಹೋಯಿತು. ಎಲ್ಲರಿಗೂ ಬೇಕಿದ್ದದ್ದು ಸಂಖ್ಯೆ.

1995ರಲ್ಲಿ ಟೆಕ್ಸಾಸ್ ತನ್ನ ಕಾನೂನನ್ನು ಸಡಿಲಿಸಿತು. ಆರು ವಾರದ ತಡೆ ಮೂರು ವಾರಕ್ಕೆ ಇಳಿಯಿತು. ತಡೆಯ ಅವಧಿಯಲ್ಲಿ ಮಗು ಪಂದ್ಯ ಆಡುವಂತಿಲ್ಲ, ಆದರೆ ಅಭ್ಯಾಸಕ್ಕೆ ಬರಬಹುದು ಎಂದು ಸ್ಪಷ್ಟವಾಗಿ ಬರೆಯಲಾಯಿತು. ಈ ಎರಡನೆಯ ಸಾಲು ನನಗೆ ತುಂಬ ಮುಖ್ಯವಾಗಿ ಕಾಣುತ್ತದೆ. ಹಿಂದೆ ಬಿದ್ದ ಹುಡುಗನಿಗೆ ಶಾಲೆಯೊಂದಿಗೆ ಉಳಿದಿರುವ ಕೊನೆಯ ಎಳೆ ಎಷ್ಟೋ ಸಲ ಸಂಜೆಯ ಅಭ್ಯಾಸವೇ ಆಗಿರುತ್ತದೆ. ಅದನ್ನೂ ಕತ್ತರಿಸಿದರೆ ಅವನು ಪುಸ್ತಕದ ಕಡೆ ತಿರುಗುತ್ತಾನೆಂದು ನಂಬುವುದು ಹೇಗೆ? ಅವನು ಶಾಲೆಯ ಗೇಟಿನ ಆಚೆಗೆ ತಿರುಗುವ ಸಾಧ್ಯತೆಯೇ ಹೆಚ್ಚು.

ಕೋಚ್ ಒಬ್ಬರೇ ಓದಿನ ಹೊಣೆ ಹೊತ್ತುಕೊಂಡ ಪ್ರಸಿದ್ಧ ಉದಾಹರಣೆ ಕ್ಯಾಲಿಫೋರ್ನಿಯಾದ ರಿಚ್‌ಮಂಡ್ ಹೈಸ್ಕೂಲಿನ ಕೆನ್ ಕಾರ್ಟರ್ ಅವರದು. ಆ ರಾಜ್ಯದಲ್ಲಿ ಆಡಲು 2.0 ಗ್ರೇಡ್ ಸರಾಸರಿ ಸಾಕು. ಕಾರ್ಟರ್ ತಮ್ಮ ಬ್ಯಾಸ್ಕೆಟ್‌ಬಾಲ್ ಹುಡುಗರಿಂದ 2.3 ಬೇಕೆಂದು ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಿದ್ದರು. ತರಗತಿಯಲ್ಲಿ ಮುಂದಿನ ಸಾಲಿನಲ್ಲಿ ಕೂರಬೇಕೆಂಬುದೂ ಅದರಲ್ಲಿತ್ತು. 1999ರ ಜನವರಿಯಲ್ಲಿ ತಂಡ ಒಂದೂ ಪಂದ್ಯ ಸೋಲದೆ ಸಾಗಿದ್ದಾಗ, 45 ಆಟಗಾರರಲ್ಲಿ 15 ಮಂದಿ ಒಪ್ಪಂದ ಮುರಿದಿದ್ದಾರೆಂದು ತಿಳಿದು, ಅವರು ಜಿಮ್ನೇಷಿಯಮ್ಮಿಗೆ ಬೀಗ ಹಾಕಿದರು. ಮಕ್ಕಳನ್ನು ಗ್ರಂಥಾಲಯಕ್ಕೆ ಕಳಿಸಿದರು. 2005ರಲ್ಲಿ ಬಂದ ‘ಕೋಚ್ ಕಾರ್ಟರ್’ ಸಿನಿಮಾ ಈ ಬೀಗವನ್ನೇ ಕಥೆಯ ನಡುಗಂಬ ಮಾಡಿಕೊಂಡಿತು. ನೋಡಿದವರಿಗೆಲ್ಲ ನೆನಪಿರುವುದೂ ಅದೇ. ನಾನು ಹೆಚ್ಚು ಮೆಚ್ಚುವುದು ಅದರ ಹಿಂದಿನ ಕೆಲಸವನ್ನು. ಯಾವ ಹುಡುಗ ಯಾವ ಪಾಠದಲ್ಲಿ ಎಲ್ಲಿದ್ದಾನೆಂದು ಕೋಚ್ ಶಿಕ್ಷಕರಿಂದ ವರದಿ ತರಿಸಿಕೊಂಡು ನೋಡುತ್ತಿದ್ದರು. ಓದಿಗೆ ಜಾಗ ಕೊಟ್ಟರು, ಸಮಯ ಕೊಟ್ಟರು. ತಡೆಯೊಂದೇ ಆಗಿದ್ದರೆ ಅದು ಬರೀ ಶಿಕ್ಷೆಯಾಗಿ ಉಳಿಯುತ್ತಿತ್ತು.

ಶಾಲಾ ತಂಡದಲ್ಲಿ ಆಡುವ ಮಕ್ಕಳ ಹಾಜರಾತಿ ಚೆನ್ನಾಗಿರುತ್ತದೆ, ಅವರು ಶಾಲೆ ಬಿಡುವುದು ಕಡಿಮೆ ಎಂಬ ಮಾತು ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇದನ್ನು ನಾನು ಎಚ್ಚರದಿಂದ ಓದುತ್ತೇನೆ. ಮೊದಲೇ ಆರೋಗ್ಯ, ಬೆಂಬಲ, ಹುಮ್ಮಸ್ಸು ಇರುವ ಮಕ್ಕಳೇ ತಂಡಕ್ಕೆ ಬಂದಿರಬಹುದು. ಓದಿನಲ್ಲಿ ಹಿಂದಿದ್ದವರನ್ನು ನಿಯಮವೇ ಹೊರಗಿಟ್ಟಿದ್ದರೆ ಒಳಗಿರುವವರ ಅಂಕ ಚೆನ್ನಾಗಿ ಕಾಣುವುದು ಸಹಜವೇ. ಆಟ ಅಂಕ ತರುತ್ತದೆಂದು ಪೋಷಕರಿಗೆ ಆಸೆ ಹಚ್ಚುವ ಶಾಲೆಗಳ ಜಾಹೀರಾತಿಗೆ ಇದರಲ್ಲಿ ಆಧಾರವಿಲ್ಲ. 5ರಿಂದ 17 ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬಿಸಿಯಾಗುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಟ ಬೇಕು ಎನ್ನಲು ಅಷ್ಟು ಸಾಕು. ಅಂಕದ ನೆಪ ಬೇಕಿಲ್ಲ.

ಜಪಾನು ಪ್ರಶ್ನೆಯನ್ನು ಬೇರೆ ತುದಿಯಿಂದ ಹಿಡಿಯಿತು. ಅಲ್ಲಿ ಶಾಲೆ ಬಿಟ್ಟ ಮೇಲೆ ಕ್ಲಬ್ಬುಗಳ ಅಭ್ಯಾಸ, ಮೇಲ್ವಿಚಾರಣೆಗೆ ಶಿಕ್ಷಕರೇ. ಮಕ್ಕಳೂ ಶಿಕ್ಷಕರೂ ದಣಿದು ಹೋಗುತ್ತಿದ್ದಾರೆಂದು ಕಂಡು 2018ರಲ್ಲಿ ಅಲ್ಲಿನ ಕ್ರೀಡಾ ಇಲಾಖೆ ಮಾರ್ಗಸೂಚಿ ಹೊರಡಿಸಿತು: ವಾರಕ್ಕೆ ಕನಿಷ್ಠ 2 ದಿನ ಬಿಡುವು, ಶಾಲಾ ದಿನಗಳಲ್ಲಿ ಸುಮಾರು 2 ಗಂಟೆ, ರಜೆಯಲ್ಲಿ 3 ಗಂಟೆ. ಅಂಕದ ಮಾತೇ ಅದರಲ್ಲಿಲ್ಲ, ಗಡಿಯಾರದ ಮಾತಷ್ಟೇ. ನಮಗೆ ಹತ್ತಿರವಾದ ಪಾಠ ಇದು. ನಮ್ಮಲ್ಲಿ ಮುಂಜಾನೆ ಐದೂವರೆಗೆ ಮೈದಾನ, ಎಂಟೂವರೆಗೆ ವಿಶೇಷ ತರಗತಿ, ಹತ್ತರಿಂದ ಶಾಲೆ, ಸಂಜೆ ಮತ್ತೆ ಅಭ್ಯಾಸ, ರಾತ್ರಿ ಓದು ಎಂದು ದಿನ ಕಟ್ಟುವ ಕಡೆ ಮೊದಲು ಕಡಿತವಾಗುವುದು ನಿದ್ದೆ. ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆನ್ನುತ್ತಾರೆ ವೈದ್ಯರು. ಐದಾರು ಗಂಟೆ ಮಲಗಿದ ಮಗುವಿನ ಕಾಲೂ ಓಡದು, ತಲೆಯೂ ಓಡದು. ಮಗು ತೂಕಡಿಸಿದರೆ ವಿಷಯ ಶಿಕ್ಷಕರು ಆಟವನ್ನು ದೂರುತ್ತಾರೆ, ಓಟ ನಿಧಾನವಾದರೆ ಕೋಚ್ ಓದನ್ನು ದೂರುತ್ತಾರೆ. ಇಬ್ಬರೂ ಕೂಡಿ ಒಂದು ದಿನಚರಿ ಬರೆದಿದ್ದರೆ ದೂರೇ ಇರುತ್ತಿರಲಿಲ್ಲ.

ಇನ್ನು ಕ್ರೀಡಾ ವಸತಿ ನಿಲಯಗಳು, ಕ್ರೀಡಾ ಶಾಲೆಗಳು. ವಿದ್ಯಾನಗರದ ಜಯಪ್ರಕಾಶ ನಾರಾಯಣ ಯುವ ತರಬೇತಿ ಕೇಂದ್ರ, ಕೊಡಗಿನ ಕೂಡಿಗೆಯ ಕ್ರೀಡಾ ಶಾಲೆ, ಜಿಲ್ಲೆಗಳಲ್ಲಿರುವ ಕ್ರೀಡಾ ಇಲಾಖೆಯ ನಿಲಯಗಳು ಹಳ್ಳಿಯ ಮಕ್ಕಳಿಗೆ ಊಟ, ಬೂಟು, ತರಬೇತಿ ಕೊಟ್ಟಿವೆ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಉಚಿತವಾಗಿ ಓದಿಸುವುದು ನಾಡಿಗೆ ಗೊತ್ತಿರುವ ಸಂಗತಿ. ಗೋಣಿಕೊಪ್ಪದಲ್ಲಿ ಓಟಗಾರ್ತಿ ಅಶ್ವಿನಿ ನಾಚಪ್ಪ ಶಾಲೆಯನ್ನೇ ಕಟ್ಟಿದ್ದಾರೆ. ಆಟವನ್ನೂ ಪಾಠವನ್ನೂ ಒಂದೇ ಆಡಳಿತದಡಿ ತಂದಾಗ ವೇಳಾಪಟ್ಟಿಯ ಜಗಳ ಅರ್ಧ ಕರಗುತ್ತದೆ. ನಿಲಯ ಒಂದು ಇಲಾಖೆಯದು, ಶಾಲೆ ಇನ್ನೊಂದು ಇಲಾಖೆಯದು ಆದ ಕಡೆ ಹಾಗಲ್ಲ. ಅಲ್ಲಿ ವಾರ್ಡನ್ನಿಗೆ ಅಂಕ ಗೊತ್ತಿರುವುದಿಲ್ಲ, ಶಿಕ್ಷಕರಿಗೆ ಗಾಯ ಗೊತ್ತಿರುವುದಿಲ್ಲ.

ಇಂಥ ಯೋಜನೆ ನಡುವೆ ನಿಂತುಹೋದರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಕನ್ನಡದ ಸಿದ್ದಿ ಮಕ್ಕಳ ಕಥೆ ಇದೆ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ, ಮಾರ್ಗರೆಟ್ ಆಳ್ವ ಕೇಂದ್ರದ ಕ್ರೀಡಾ ಸಚಿವೆಯಾಗಿದ್ದಾಗ, ಕಾಡಿನಂಚಿನ ಊರುಗಳಿಂದ ಸಿದ್ದಿ ಹುಡುಗ-ಹುಡುಗಿಯರನ್ನು ಆರಿಸಿ ತರಬೇತಿಗೆ ಕರೆದೊಯ್ದರು. ಅವರಲ್ಲಿ ಕೆಲವರು ರಾಷ್ಟ್ರ ಮಟ್ಟದ ಅಥ್ಲೀಟುಗಳಾದರು. 1990ರ ದಶಕದ ಆರಂಭದಲ್ಲಿ ಯೋಜನೆ ನಿಂತಿತು. ಕ್ರೀಡಾ ಕೋಟಾದಡಿ ನೌಕರಿ ದಕ್ಕಿದವರು ದಡ ಸೇರಿದರು, ಉಳಿದವರು ಊರಿಗೆ ಮರಳಿದರು. ಹದಿಹರೆಯದ ಮಕ್ಕಳನ್ನು ಮನೆಯಿಂದ ಕರೆದೊಯ್ಯುವ ಯಾರೇ ಆಗಲಿ, ನಾಳೆ ಈ ಯೋಜನೆ ಮುಚ್ಚಿದರೆ ಈ ಮಗುವಿನ ಕೈಯಲ್ಲಿ ಏನು ಉಳಿಯುತ್ತದೆ ಎಂಬ ಪ್ರಶ್ನೆಗೆ ಮೊದಲ ದಿನವೇ ಉತ್ತರ ಇಟ್ಟುಕೊಂಡಿರಬೇಕು. ಉತ್ತರ ಓದೇ ಆಗಿರಬೇಕು.

ಈ ಮಾತು ಬಂದಾಗಲೆಲ್ಲ ನಾವು ಹೆಸರಾಂತ ಕ್ರಿಕೆಟಿಗರತ್ತ ಬೆರಳು ತೋರಿಸುತ್ತೇವೆ. 1962ರಲ್ಲಿ ಟೆಸ್ಟ್ ಆಡಿ, ವೆಸ್ಟ್ ಇಂಡೀಸ್‌ಗೆ ಹೋಗಿ ಬಂದ ಎರಪಳ್ಳಿ ಪ್ರಸನ್ನ ಮೈಸೂರಿನ ಎನ್‌ಐಇಯಲ್ಲಿ ಎಂಜಿನಿಯರಿಂಗ್ ಮುಗಿಸಲೆಂದು ದೊಡ್ಡ ಆಟದಿಂದ ಸರಿದು ನಿಂತರು. ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ಅನಿಲ್ ಕುಂಬ್ಳೆ, ಜಾವಗಲ್ ಶ್ರೀನಾಥ್ ಇಬ್ಬರೂ ಎಂಜಿನಿಯರುಗಳು. ರಾಹುಲ್ ದ್ರಾವಿಡ್ ಬಿ.ಕಾಂ. ಪದವೀಧರ, ತಾಯಿ ವಾಸ್ತುಶಿಲ್ಪ ಕಲಿಸುತ್ತಿದ್ದ ಪ್ರಾಧ್ಯಾಪಕಿ. ಕೆ.ಎಲ್. ರಾಹುಲ್ ಬೆಳೆದದ್ದು ಪ್ರಾಧ್ಯಾಪಕ ದಂಪತಿಯ ಮನೆಯಲ್ಲಿ, ಸುರತ್ಕಲ್ಲಿನ ಎನ್‌ಐಟಿಕೆ ಆವರಣದಲ್ಲಿ. ಇವರ ಬಗ್ಗೆ ನನಗೆ ಅಪಾರ ಗೌರವ. ಆದರೆ ಇವರನ್ನು ತೋರಿಸಿ ಕೂಲಿ ಕಾರ್ಮಿಕನ ಮಗನಿಗೆ ‘ನೋಡು, ಮನಸ್ಸಿದ್ದರೆ ಎರಡೂ ಆಗುತ್ತದೆ’ ಎನ್ನುವುದು ಸರಿಯಲ್ಲ. ಪಾಠ ತಪ್ಪಿದ ದಿನ ರಾತ್ರಿ ಹೇಳಿಕೊಡುವವರು ಮನೆಯಲ್ಲೇ ಇರುವುದು, ಟ್ಯೂಷನ್ನಿಗೆ ದುಡ್ಡಿರುವುದು, ಓದಲು ಒಂದು ಮೇಜಿರುವುದು ಎಲ್ಲರ ಪಾಲಿಗಿಲ್ಲ. ಮನೆಯಲ್ಲಿ ಇಲ್ಲದ್ದನ್ನು ಶಾಲೆ ಕೊಡಬೇಕು. ಕೊಡದೆ ಉಪದೇಶಿಸಬಾರದು.

ನಿಯಮ ಮಗುವಿಗಾಗಿ ಬಗ್ಗಬಲ್ಲದು ಎಂಬುದಕ್ಕೂ ಸಾಕ್ಷಿಯಿದೆ. 2018ರಲ್ಲಿ ಹರಿಯಾಣದ ಶೂಟರ್ ಅನೀಶ್ ಭನ್ವಾಲಾ ಹತ್ತನೇ ತರಗತಿಯಲ್ಲಿದ್ದರು. ಪರೀಕ್ಷೆಯ ಹೊತ್ತಿಗೇ ಅಂತರರಾಷ್ಟ್ರೀಯ ಸ್ಪರ್ಧೆಗಳು ಬಂದವು. ಸಿಬಿಎಸ್‌ಇ ಅವರಿಗೆ ಪ್ರತ್ಯೇಕವಾಗಿ ಪರೀಕ್ಷೆ ನಡೆಸಲು ಒಪ್ಪಿತು. ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 15ರ ವಯಸ್ಸಿನಲ್ಲಿ ಚಿನ್ನ ಗೆದ್ದ ಹುಡುಗ ಮರಳಿ ಬಂದು ಪರೀಕ್ಷೆಗೆ ಕೂತರು. ಟೆನಿಸ್, ಬ್ಯಾಡ್ಮಿಂಟನ್ ಆಡುವ ನಗರದ ಎಷ್ಟೋ ಮಕ್ಕಳು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಹೆಸರು ಬರೆಸಿ ತಮ್ಮ ಅನುಕೂಲಕ್ಕೆ ಪರೀಕ್ಷೆ ಬರೆಯುತ್ತಾರೆ. ತರಬೇತಿಗೂ ಮನೆಪಾಠಕ್ಕೂ ಹಣವಿದ್ದವರಿಗೆ ಅದು ಒಳ್ಳೆಯ ದಾರಿ. ಹಣವಿಲ್ಲದವರಿಗೆ ಅದು ಶಾಲೆ ಬಿಟ್ಟಂತೆಯೇ. ಗೆಳೆಯರು, ಬಿಸಿಯೂಟ, ಗದರಿಸಿ ಓದಿಸುವ ಶಿಕ್ಷಕರು ಎಲ್ಲವೂ ಒಟ್ಟಿಗೆ ಹೋಗುತ್ತವೆ. ಖೇಲೋ ಇಂಡಿಯಾ ಯೋಜನೆ ಆಯ್ಕೆಯಾದ ಕ್ರೀಡಾಪಟುವಿಗೆ ತಿಂಗಳಿಗೆ 10,000 ರೂಪಾಯಿ ಕೈಖರ್ಚು ಕೊಡುತ್ತದೆ. ಅಲ್ಲಿಗೆ ತಲುಪಿದ ಬೆರಳೆಣಿಕೆಯ ಮಕ್ಕಳಿಗೆ ಅದು ದೊಡ್ಡ ಆಸರೆ. ನಾನು ಚಿಂತಿಸುತ್ತಿರುವುದು ಜಿಲ್ಲಾ ಮಟ್ಟದಲ್ಲೇ ಸೋತು ಮನೆಗೆ ಬರುವವರ ಬಗ್ಗೆ. ಸಂಖ್ಯೆಯಲ್ಲಿ ಅವರೇ ಹೆಚ್ಚು.

ಪ್ರಮಾಣಪತ್ರದ ಬೆಲೆ ಏರಿದಂತೆ ಇನ್ನೊಂದು ಕೇಡೂ ಸೇರಿಕೊಂಡಿದೆ. ವೃತ್ತಿ ಶಿಕ್ಷಣದ ಸೀಟಿಗೆ, ಪೊಲೀಸ್ ನೇಮಕಾತಿಗೆ ಕ್ರೀಡಾ ಮೀಸಲು ಇರುವುದು ಒಳ್ಳೆಯದೇ. ಕೇರಳ ಎಸ್‌ಎಸ್‌ಎಲ್‌ಸಿಯಲ್ಲಿ ಕ್ರೀಡಾಪಟುಗಳಿಗೆ ಕೃಪಾಂಕ ಕೊಡುತ್ತದೆ. ಆದರೆ ಕಾಗದವೇ ಗುರಿಯಾದ ಕಡೆ ವಯಸ್ಸು ತಿದ್ದುವುದು, ಒಂದು ಶಾಲೆಯ ಮಗುವನ್ನು ಇನ್ನೊಂದು ಶಾಲೆಯ ಅಂಗಿಯಲ್ಲಿ ಆಡಿಸುವುದು ಶುರುವಾಗುತ್ತದೆ. ಇದಕ್ಕೆ ಕೈಜೋಡಿಸುವ ತರಬೇತುದಾರ ಪದಕ ಗೆಲ್ಲಿಸಿದರೂ ಮಗುವಿಗೆ ಕಲಿಸುವುದು ಮೋಸವನ್ನೇ. ಕೃಪಾಂಕದ ಬಗ್ಗೆ ನನ್ನ ಅಭಿಪ್ರಾಯ ಇಷ್ಟು: ತಪ್ಪಿದ ಪಾಠಕ್ಕೆ ಬದಲಾಗಿ ಪಾಠ ಕೊಡಿ, ಅಂಕ ಕೊಡಬೇಡಿ. ಪಿಯುಸಿಯ ಮೊದಲ ವಾರದಲ್ಲೇ ಆ ಅಂಕದ ಟೊಳ್ಳು ಮಗುವಿಗೆ ಗೊತ್ತಾಗುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ತೂಗುವ ರೀತಿಯೇ ಬೇರೆ. ಗಂಡು ಹುಡುಗನಿಗೆ ‘ಆಟ ಬಿಟ್ಟು ಓದು’ ಎನ್ನುವ ಮನೆ ಹುಡುಗಿಗೆ ಎರಡನ್ನೂ ಬಿಡಿಸಿ ಮದುವೆಯ ಮಾತೆತ್ತಬಹುದು. ಅಂಥ ಕಡೆ ಕಬಡ್ಡಿಯೋ ಖೋ-ಖೋವೋ ಓದಿನ ವಿರೋಧಿಯಲ್ಲ, ಶಾಲೆಯಲ್ಲಿ ಇನ್ನೆರಡು ವರ್ಷ ಉಳಿಯಲು ಅವಳಿಗಿರುವ ಗಟ್ಟಿ ಕಾರಣ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಹಳ್ಳಿಯ ಅಂಗಳದಲ್ಲಿ ಆಡಿ ಬೆಳೆದ ಹುಡುಗಿ ಅಷ್ಟು ದೂರ ಹೋದದ್ದನ್ನು ಕಂಡ ಎಷ್ಟು ಅಪ್ಪಂದಿರು ಮಗಳನ್ನು ಸಂಜೆಯ ಅಭ್ಯಾಸಕ್ಕೆ ಬಿಟ್ಟಿದ್ದಾರೋ. ಹುಡುಗಿಯರನ್ನು ಹೊರ ಊರಿಗೆ ಕರೆದೊಯ್ಯುವಾಗ ಜೊತೆಗೊಬ್ಬ ಶಿಕ್ಷಕಿ, ಬಳಸುವಂಥ ಶೌಚಾಲಯ, ಕತ್ತಲಾಗುವ ಮೊದಲು ಊರು ಸೇರುವ ಬಸ್ಸು, ಈ ಮೂರರಲ್ಲಿ ಒಂದು ತಪ್ಪಿದರೂ ಆಟ ಅಲ್ಲಿಗೇ ನಿಲ್ಲುತ್ತದೆ, ಕೆಲವೊಮ್ಮೆ ಓದೂ.

ಹಾಗಾದರೆ ಮಾಡುವುದೇನು? ಟೆಕ್ಸಾಸಿನ ತಡೆ ನಮಗೆ ಬೇಡವೆಂದೇ ನನ್ನ ಗಟ್ಟಿ ನಂಬಿಕೆ. ಪಾಠವನ್ನು ತಾನೇ ತಪ್ಪಿಸಿದ ಶಾಲೆಗೆ ಮಗುವಿನಿಂದ ಆಟ ಕಸಿಯುವ ಹಕ್ಕಿಲ್ಲ. ಆದರೆ ಈಗಿನ ಉದಾಸೀನವೂ ಬೇಡ. ಆಟಕ್ಕೆ ಕಳಿಸಿದ ಶಾಲೆ ಆ ದಿನಗಳ ಪಾಠಕ್ಕೂ ಸಾಲಗಾರ ಎಂಬುದನ್ನು ಒಪ್ಪಿಕೊಳ್ಳಬೇಕು. ಸಾಲ ತೀರಿತೇ ಎಂದು ನೋಡುವವರು ತರಬೇತುದಾರರಾಗಬೇಕು, ಏಕೆಂದರೆ ಆ ವಯಸ್ಸಿನ ಮಗು ಮನೆಯವರ ಮಾತಿಗಿಂತ ಹೆಚ್ಚು ಕೇಳುವುದು ಅವರ ಮಾತನ್ನೇ. ‘ಗಣಿತದ ಪುಸ್ತಕ ತಂದಿದ್ದೀಯಾ’ ಎಂದು ಗಣಿತದ ಮೇಡಂ ಹತ್ತು ಸಲ ಕೇಳಿದ್ದಕ್ಕಿಂತ ಪಿ.ಟಿ. ಸರ್ ಒಂದು ಸಲ ಕೇಳಿದರೆ ಚೀಲಕ್ಕೆ ಪುಸ್ತಕ ಬರುತ್ತದೆ.

ಇದಕ್ಕೆ ಹೊಸ ಯೋಜನೆ, ಹೊಸ ಹಣ ಹೆಚ್ಚೇನೂ ಬೇಡ. ನಾನು ಕಂಡ ಒಬ್ಬ ದೈಹಿಕ ಶಿಕ್ಷಕಿ ತಂಡದ ಪ್ರತಿ ಹುಡುಗಿಗೂ ಒಂದು ಪುಟದಂತೆ ಉದ್ದನೆಯ ನೋಟ್‌ಬುಕ್ ಇಟ್ಟಿದ್ದರು. ಎಡಕ್ಕೆ ಕೂಟದ ದಿನಾಂಕ, ಬಲಕ್ಕೆ ಆ ದಿನ ತರಗತಿಯಲ್ಲಿ ನಡೆದ ಪಾಠ, ಅದನ್ನು ಮತ್ತೆ ಹೇಳಿಕೊಟ್ಟವರ ಸಹಿ. ಸಹಿ ಬೀಳದ ಸಾಲಿದ್ದರೆ ಆ ಹುಡುಗಿ ಸಂಜೆ ಮೈದಾನಕ್ಕೆ ಬಂದು ಮೊದಲ ಅರ್ಧ ಗಂಟೆ ಕಟ್ಟೆಯ ಮೇಲೆ ಕೂತು ಓದಬೇಕು, ಆಮೇಲೆ ಆಟ. ಯಾರನ್ನೂ ಮನೆಗೆ ಅಟ್ಟುತ್ತಿರಲಿಲ್ಲ. ವಿಷಯ ಶಿಕ್ಷಕರು ಮೊದಮೊದಲು ಗೊಣಗಿದರು. ಸಹಿ ಕೇಳಿಕೊಂಡು ಹುಡುಗಿಯರೇ ಬಾಗಿಲಿಗೆ ಬಂದು ನಿಲ್ಲತೊಡಗಿದ ಮೇಲೆ ಇಲ್ಲವೆನ್ನಲು ಅವರಿಗೂ ಮನಸ್ಸಾಗಲಿಲ್ಲ. ಕೂಟಗಳ ಕಾಯುವ ಗಂಟೆಗಳನ್ನೂ ಆಕೆ ಬಿಡಲಿಲ್ಲ. ಮುಂದಿನ ತರಗತಿಯ ಹುಡುಗಿ ಹಿಂದಿನ ತರಗತಿಯವಳಿಗೆ ಮರದಡಿ ಲೆಕ್ಕ ಹೇಳಿಕೊಡುತ್ತಿದ್ದಳು.

ಇಲಾಖೆ ಮಾಡಬೇಕಾದದ್ದೂ ಇದೆ. ಕೂಟಗಳ ದಿನಾಂಕವನ್ನು ಹಿಂದಿನ ವಾರ ಸುತ್ತೋಲೆಯಲ್ಲಿ ತಿಳಿಸುವ ಬದಲು ಜೂನ್‌ನಲ್ಲೇ ಶಾಲಾ ಪಂಚಾಂಗದಲ್ಲಿ ಅಚ್ಚು ಹಾಕಿಸಲಿ. ಆಗ ಘಟಕ ಪರೀಕ್ಷೆ ಕೂಟದ ಮರುದಿನ ಬೀಳುವುದಿಲ್ಲ. ವಿಭಾಗ, ರಾಜ್ಯ ಮಟ್ಟದ ಪಂದ್ಯಗಳನ್ನು ಆದಷ್ಟು ದಸರಾ ರಜೆಗೂ ವಾರಾಂತ್ಯಕ್ಕೂ ತರಲಿ. ಅರ್ಹತಾ ಪತ್ರದಲ್ಲಿ ಒಂದು ಸಾಲು ಸೇರಿಸಲಿ: ತಪ್ಪುವ ಪಾಠಗಳನ್ನು ಯಾರು, ಯಾವಾಗ ಹೇಳಿಕೊಡುತ್ತಾರೆ. ಎಸ್‌ಎಸ್‌ಎಲ್‌ಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ರಾಷ್ಟ್ರೀಯ ಕೂಟಕ್ಕೆ ಹೋಗಿ ಬಂದ ಮಗುವಿಗೆ ಎರಡನೆಯ ಪರೀಕ್ಷೆ ಸೋತವರ ಸಾಲಲ್ಲ, ತನ್ನ ಪಾಲಿನ ಅವಕಾಶ ಎಂದು ಶಾಲೆ ಪೋಷಕರನ್ನು ಕೂರಿಸಿ ಹೇಳಬೇಕು. ಏಪ್ರಿಲ್‌ನಲ್ಲಿ ಆ ಮಗುವಿಗೆ ಪಾಠ ಮಾಡಲು ಒಬ್ಬರನ್ನಾದರೂ ಉಳಿಸಿಕೊಳ್ಳಬೇಕು. ಮಾರ್ಚ್ ಮುಗಿದೊಡನೆ ಶಾಲೆಗೆ ಬೀಗ ಬಿದ್ದರೆ ಎರಡನೆಯ ಪರೀಕ್ಷೆ ಇದ್ದೂ ಆ ಮಗುವಿಗೆ ಪ್ರಯೋಜನವಿಲ್ಲ.